ಮಾಳಿಗೆ ತೊಳೆದ ಮಳೆ

ಮೊಮ್ಮಗಳು ಬಸುರಿ ಎಂಬ ಸುದ್ದಿಯನ್ನು ಸೊಸೆ ಫೋನು ಕಿವಿಯಿಂದ ತೆಗೆಯುವ ಮೊದಲೇ ಕೂಗಿ ಹೇಳಿದಳು. ನಾನು ಅಂಗಳದಲ್ಲಿ ರಾಗಿ ಕೇರುತ್ತಿದ್ದೆ. ಮೊರ ಕೆಳಗಿಟ್ಟು ಕೇಳಿದ್ದು ಒಂದೇ ಮಾತು.

“ಹೆರಿಗೆ ಯಾವ ತಿಂಗಳಿಗೆ ಬೀಳ್ತೈತೆ?”

ಸೊಸೆ ಬೆರಳು ಮಡಿಸಿ ಲೆಕ್ಕ ಹಾಕಿದಳು. “ಶಿವರಾತ್ರಿ ಆದ್ಮೇಲೆ ಅತ್ತೆ. ಯುಗಾದಿ ಹತ್ರ.”

“ಒಳ್ಳೆ ಟೈಮ್ ನೋಡ್ಕೊಂಡವ್ರೆ ಬಿಡು.”

“ಮಕ್ಕಳಾಗೋದನ್ನೂ ಬೋರ್‌ವೆಲ್ ಕೇಳ್ಕೊಂಡು ಮಾಡ್ಬೇಕಾ?” ಎಂದು ಸೊಸೆ ಸಿಡುಕಿದಳು.

“ಕೇಳ್ಕೊಂಡ್ರೆ ಒಳ್ಳೇದು” ಅಂದೆ.

ಅವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನನಗೇನೂ ಖುಷಿ ಇಲ್ಲದೆ ಇರಲಿಲ್ಲ. ಆದರೆ ಬಾಣಂತನ ಎಂದರೆ ನೀರು. ಮೊದಲ ಹೆರಿಗೆ ತವರುಮನೆಯದು, ಅಂದರೆ ನಮ್ಮದು. ತೊಂಡೇಬಾವಿಯ ಹತ್ತಿರದ ನಮ್ಮ ಊರಿನಲ್ಲಿ ಯುಗಾದಿ ಹೊತ್ತಿಗೆ ನಲ್ಲಿಯಿಂದ ಗಾಳಿ ಬರುತ್ತದೆ, ಆಮೇಲೆ ಬಂದರೆ ನೀರು ಬರುತ್ತದೆ. ಅದೂ ಯಾವ ದಿನ ಎಂದು ವಾಲ್ವು ತಿರುಗಿಸುವ ಪಂಚಾಯಿತಿ ನೀರುಗಂಟಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ.

ಬರುವ ನೀರು ಎಂಥದ್ದು ಅನ್ನುವುದು ಇನ್ನೊಂದು ಸಂಗತಿ. ಪಾತಾಳದಿಂದ ಎಳೆದ ಬೋರ್ ನೀರು. ಪಾತ್ರೆಯ ಅಂಚಿಗೆ ಸುಣ್ಣದ ಹಾಗೆ ಬಿಳಿಯ ಗೆರೆ ಕಟ್ಟುತ್ತದೆ. ಅದನ್ನು ಕುಡಿದೇ ನನ್ನ ಮೊಣಕಾಲು ಬಿಗಿದುಕೊಂಡವು ಎಂದು ಡಾಕ್ಟರು ಹೇಳಿದರು. ವಯಸ್ಸಿಗೂ ಬಿಗಿದಿರಬಹುದು, ಅದರ ಮಾತು ಬೇಡ. ಆದರೆ ಮೊಮ್ಮಗಳ ಹಲ್ಲಿಗೆ ವಯಸ್ಸಾಗಿರಲಿಲ್ಲವಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಒಂದೊಂದರ ಮೇಲೂ ಕಾಫಿ ಬಣ್ಣದ ಗೆರೆ. ಇಟ್ಟಿಗೆಪುಡಿ ಹಾಕಿ ಉಜ್ಜಿದೆ, ನಿಂಬೆಹಣ್ಣು ಉಜ್ಜಿದೆ, ಹೋಗಲಿಲ್ಲ. ಒಳಗಿನಿಂದ ಬಂದದ್ದು ಉಜ್ಜಿದರೆ ಹೋಗುತ್ತದೆಯೇ. ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತಳು. ಅವಳ ಮದುವೆ ಫೋಟೋ ಎಲ್ಲದರಲ್ಲೂ ತುಟಿ ಮುಚ್ಚಿಕೊಂಡೇ ಇದ್ದಾಳೆ. ನೋಡಿದವರು ಹುಡುಗಿಗೆ ಮದುವೆ ಇಷ್ಟವಿರಲಿಲ್ಲವೇನೋ ಅಂದುಕೊಳ್ಳಬೇಕು.

ಅವಳ ಹೊಟ್ಟೆಯಲ್ಲಿ ಹುಟ್ಟುವುದರ ಹಲ್ಲು ಬೆಳ್ಳಗಿರಬೇಕು ಎಂಬುದು ನನ್ನ ತಲೆಗೆ ಹೊಕ್ಕಿತು. ತಾಯಿ ಕುಡಿದದ್ದನ್ನೇ ಮಗು ಕುಡಿಯುವುದು. ಊರಿನಲ್ಲಿ ಶುದ್ಧ ನೀರಿನ ಘಟಕ ಇದೆ, ಆದರೆ ಬೇಸಿಗೆಯಲ್ಲಿ ಅದಕ್ಕೇ ನೀರಿಲ್ಲದೆ ಬಾಗಿಲು ಹಾಕಿರುತ್ತಾರೆ. ನಾನು ನಂಬಿದ್ದು ನಮ್ಮ ಸಂಪನ್ನು.

ಸಂಪು ಎಂದರೆ ಅಂಗಳದ ಕೆಳಗೆ ಕಟ್ಟಿದ ತೊಟ್ಟಿ. ಮನೆ ಕಟ್ಟುವಾಗ ಮಗನೊಂದಿಗೆ ಜಗಳ ಮಾಡಿ ಕಟ್ಟಿಸಿದ್ದು. ಮಾಳಿಗೆಯ ಮೇಲೆ ಬಿದ್ದ ಮಳೆ ಪೈಪಿನಲ್ಲಿ ಇಳಿದು, ಮರಳು ಇದ್ದಿಲು ತುಂಬಿದ ಡ್ರಮ್ಮಿನಲ್ಲಿ ಸೋಸಿ ಅದಕ್ಕೆ ಬೀಳುತ್ತದೆ. ಕುಡಿಯುವುದಕ್ಕೆ ಮತ್ತು ಅನ್ನ ಬೇಳೆ ಬೇಯಿಸುವುದಕ್ಕೆ ಮಾತ್ರ ಆ ನೀರು. ಅದರ ಕಬ್ಬಿಣದ ಮುಚ್ಚಳಕ್ಕೆ ಬೀಗ, ಬೀಗದಕೈ ನನ್ನ ಎಲೆಅಡಿಕೆ ಚೀಲದಲ್ಲಿ. ಹೋದ ಸಲ ಚಿತ್ತೆ, ಸ್ವಾತಿ ಮಳೆ ಚೆನ್ನಾಗಿ ಬಂದು ಸಂಪು ಕಂಠದವರೆಗೆ ತುಂಬಿತ್ತು. ಅವತ್ತಿನಿಂದ ನಾನು ಒಂದು ಹೊಂಗೆಯ ಕೋಲು ಇಟ್ಟುಕೊಂಡು ವಾರಕ್ಕೊಮ್ಮೆ ಅದ್ದಿ ನೋಡುತ್ತಿದ್ದೆ. ಎಲ್ಲಿಯವರೆಗೆ ಒದ್ದೆಯೋ ಅಲ್ಲಿಗೆ ಇದ್ದಿಲಿನ ಗೆರೆ. ಗೆರೆ ಇಳಿಯುತ್ತಾ ಬಂದ ಹಾಗೆ ಮೊಮ್ಮಗಳ ಹೊಟ್ಟೆ ಮುಂದೆ ಬಂತು.

ಎದುರುಮನೆಯವಳು ಸಂಕ್ರಾಂತಿ ಆದಮೇಲೆ ಒಂದು ಬಿಂದಿಗೆ ಹಿಡಿದು ಬಂದಳು. “ಅಕ್ಕಯ್ಯ, ಸಂಪಿನ ನೀರು ಒಂದೇ ಒಂದು ಬಿಂದಿಗೆ ಕೊಡು. ಬೇಳೆ ಬೇಯ್ತಾನೇ ಇಲ್ಲ.”

“ಸೊಪ್ಪು ಮಾಡ್ಕೋ. ಅದು ಬೇಯ್ತೈತೆ” ಅಂದೆ.

“ಹೊತ್ಕೊಂಡು ಹೋಗ್ತೀಯೇನೋ ಸಾಯೋವಾಗ!” ಎಂದು ಬಿಂದಿಗೆ ಸೊಂಟಕ್ಕೆ ಕುಕ್ಕಿಕೊಂಡು ಹೋದಳು.

ಯುಗಾದಿಗೆ ಮುಂಚೆ ಗೌರಿಬಿದನೂರಿನ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ಹೆಣ್ಣುಮಗು. ಕೂಸನ್ನು ಎತ್ತಿಕೊಂಡು ಮೊದಲು ನಾನು ನೋಡಿದ್ದು ಅದರ ವಸಡು. ಸೊಸೆ ಮೂಗು ನೋಡುತ್ತಿದ್ದಳು, ಮಗ ಬಣ್ಣ ನೋಡುತ್ತಿದ್ದ.

ಮಗುವಿಗೆ ನೀರು ಹಾಕುವುದು ಬೇರೆಯವರಿಗೆ ಬಿಡುವ ಮಾತೇ ಇರಲಿಲ್ಲ. ಈ ಬೀದಿಯ ಮುಕ್ಕಾಲು ಮಕ್ಕಳು ನನ್ನ ಕಾಲ ಮೇಲೆ ಮಿಂದು ಬೆಳೆದವರು. ಮೊಣಕಾಲು ಮಡಿಸಲು ಬಾರದವಳಿಗೆ ಕಾಲು ಚಾಚಿ ಕೂರುವ ಈ ಕೆಲಸ ಇನ್ನೂ ಒಗ್ಗುತ್ತದೆ. ಆದರೆ ನಾನು ಕಲಿತ ಬಾಣಂತಿ ಸ್ನಾನವೇ ಬೇರೆ. ಹರಳೆಣ್ಣೆ ತಿಕ್ಕಿ, ಹಂಡೆಯ ತುಂಬ ಸುಡುಸುಡು ನೀರು ಕಾಯಿಸಿ, ಬಾಣಂತಿಯ ನಡುವಿಗೆ ಚೊಂಬಿನ ಮೇಲೆ ಚೊಂಬು ಬೀಸಿ ಹೊಡೆಯುವುದು. ಹಂಡೆಯ ತಳ ಕಾಣುವವರೆಗೆ ನಿಲ್ಲಿಸುವ ಹಾಗಿಲ್ಲ. ನಡುವಿನ ಗಾಳಿ ಹೋಗುವುದು ಆ ಹೊಡೆತಕ್ಕೆ ಎನ್ನುತ್ತಾರೆ. ಈ ಸಲ ಹಾಗೆ ಮಾಡಿದ್ದರೆ ಡ್ರಮ್ಮಿನಲ್ಲಿ ಹಿಡಿದಿಟ್ಟ ನಲ್ಲಿ ನೀರು ಮೂರನೇ ದಿನಕ್ಕೆ ಮುಗಿಯುತ್ತಿತ್ತು.

ನಾನು ಕ್ರಮ ಬದಲಾಯಿಸಿದೆ. ಟವಲು ಬಿಸಿನೀರಿಗೆ ಅದ್ದಿ ಹಿಂಡಿ ನಡುವಿಗೆ, ಬೆನ್ನಿಗೆ ಒತ್ತಿ ಒತ್ತಿ ಕಾವು ಕೊಟ್ಟೆ. ಕೊನೆಗೆ ಒಂದು ಬಕೆಟ್ಟಿನಲ್ಲಿ ಮೈ ತೊಳೆದೆ. ಮೊಮ್ಮಗಳನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸದೆ ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂರಿಸಿದೆ. ಮೈಯಿಂದ ಇಳಿದ ನೀರು ಟಬ್ಬಿನಲ್ಲಿ ನಿಲ್ಲುತ್ತದೆ, ಅದನ್ನು ಎತ್ತಿ ಪಾಯಿಖಾನೆಗೆ ಇಟ್ಟುಕೊಳ್ಳುವುದು.

“ಅಜ್ಜಿ, ನಾನೇನು ಎಮ್ಮೆನಾ, ತೊಟ್ಟಿಲಿ ಕೂರ್ಸೋಕೆ?” ಎಂದು ಮೊಮ್ಮಗಳು ನಕ್ಕಳು. ಬಾಯಿಗೆ ಕೈ ಅಡ್ಡ.

“ಎಮ್ಮೆ ಆದ್ರೆ ಕೆರೆಗೆ ಹೊಡೀತಿದ್ದೆ. ಕೆರೆಲಿ ನೀರಿಲ್ಲ, ಕೂತ್ಕೋ.”

“ತಲೆಗೆ ಶಾಂಪೂ ಹಾಕ್ಕೊಳ್ಲಾ?”

“ಹಾಕೋದು ಸುಲಭ ಕಣೇ. ನೊರೆ ಬಿಡ್ಸೋಕೆ ನಿಮ್ಮಪ್ಪ ಟ್ಯಾಂಕರ್ ತರ್ಬೇಕಾಗ್ತದೆ. ಕಡ್ಲೆಹಿಟ್ಟು ಹಾಕ್ತೀನಿ, ತೆಪ್ಪಗಿರು.”

ಬಾಣಂತಿ ಮಿಂದ ನೀರನ್ನು ಯಾರೂ ದಾಟಬಾರದು, ಮೋರಿಯಲ್ಲಿ ಹರಿದು ಕಣ್ಣಿಗೆ ಕಾಣದೆ ಹೋಗಬೇಕು ಎನ್ನುವುದು ನಮ್ಮ ಕಡೆಯ ನಂಬಿಕೆ. ನಾನು ಟಬ್ಬಿನ ನೀರು ಬಕೆಟ್ಟಿಗೆ ಬಗ್ಗಿಸುವುದನ್ನು ಎದುರುಮನೆಯವಳು ನೋಡಿದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. “ಆ ಮುದುಕಿ ಬಾಣಂತಿಗೆ ಒಂದು ಚೊಂಬು ನೀರು ಹಾಕಿ ಅದ್ನೂ ಹಿಂಡ್ಕೊಂತಾಳಂತೆ.” ಅನ್ನಲಿ. ನನಗೆ ಬೇರೆ ಚಿಂತೆ ಇತ್ತು. ನಮ್ಮ ಕಾಲದಲ್ಲಿ ಬಾಣಂತಿಗೆ ಕುಡಿಯಲು ನೀರು ಕೊಡುತ್ತಿದ್ದದ್ದೇ ಕಡಿಮೆ, ಹೊಟ್ಟೆ ಬರುತ್ತದೆ ಎಂದು. ಈಗ ಡಾಕ್ಟರು, ಹಾಲು ಬರಬೇಕಾದರೆ ನೀರು ಜಾಸ್ತಿ ಕುಡಿಯಬೇಕು ಅಂದಿದ್ದರು. ಹುಡುಗಿ ಕುಡಿಯುತ್ತಿದ್ದಳು, ಕೂಸು ಚೀಪುತ್ತಿತ್ತು, ಕೋಲಿನ ಮೇಲೆ ಇದ್ದಿಲಿನ ಗೆರೆ ಇಳಿಯುತ್ತಿತ್ತು. ಮೊದಲು ವಾರಕ್ಕೊಮ್ಮೆ ನೋಡುತ್ತಿದ್ದವಳು ಈಗ ದಿನಾ ನೋಡತೊಡಗಿದೆ. ದಿನಾ ನೋಡಿದರೆ ನೀರೇನೂ ಉಳಿಯುವುದಿಲ್ಲ, ಗೊತ್ತು.

ಅಷ್ಟರಲ್ಲಿ ಬೀಗರ ಫೋನು ಬಂತು. ಮೊಮ್ಮಗಳ ಗಂಡನ ಮನೆ ಚಿಂತಾಮಣಿಯ ಹತ್ತಿರ, ಅಂಬಾಜಿದುರ್ಗದ ಬೆಟ್ಟದ ಕೆಳಗಿನ ಊರು. ಭಾನುವಾರ ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಒಂದು ವ್ಯಾನು ಜನ ಬರುತ್ತಾರೆಂದು ಹೇಳಿದರು. ಸೊಸೆಯ ಮುಖ ಇಳಿಯಿತು.

“ಅತ್ತೆ, ಅಷ್ಟು ಜನಕ್ಕೆ ಕಾಲಿಗೆ ನೀರು?”

“ಒಂದು ಡ್ರಮ್ ಇಡು, ಒಂದು ಚೊಂಬು ಇಡು. ಊಟಕ್ಕೆ ಎಲೆ ತಟ್ಟೆ. ಕೈ ತೊಳ್ದ ನೀರು ಕರಿಬೇವಿನ ಗಿಡಕ್ಕೆ ಬೀಳೋ ಹಂಗೆ ನಿಲ್ಸು.”

“ನೋಡಿದ್ರೆ ಏನಂತಾರೆ? ಮದುವೇಲಿ ಹುಡುಗನ ಅಮ್ಮ ಹೇಳಿದ್ದು ಜ್ಞಾಪಕ ಇಲ್ವಾ? ‘ನಮ್ಮ ತೋಟದಲ್ಲಿ ಬೋರ್ ನಿಲ್ಸೋಕೇ ಆಗಲ್ಲ, ಅಷ್ಟು ನೀರು’ ಅಂದ್ರು. ನಮ್ಮ ಮನೇಲಿ ಸಂಪು ತಳ ಕಾಣ್ತಾ ಇದ್ರೆ ನಾಳೆ ನಮ್ಮ ಹುಡುಗೀನ ಎತ್ತಾಡ್ತಾರೆ. ‘ನಿಮ್ಮಪ್ಪನ ಮನೇಲಿ ಕುಡಿಯೋಕೇ ನೀರಿರ್ಲಿಲ್ಲ’ ಅಂತಾರೆ.”

“ಬಂದೋರು ಸಂಪು ಇಣುಕ್ತಾರಾ? ಕೂಸು ನೋಡ್ತಾರಾ?”

“ಎರಡೂ ನೋಡ್ತಾರೆ” ಅಂದಳು ಸೊಸೆ.

ಶನಿವಾರ ನಾನು ಅಲೀಪುರಕ್ಕೆ ಹೋದೆ. ಕೂಸಿಗೆ ನೀರು ಹಾಕಿದ ಮೇಲೆ ಹೊಗೆ ಹಾಕಲು ಒಳ್ಳೆಯ ಲೋಬಾನ ಅಲ್ಲಿನ ಒಂದು ಅಂಗಡಿಯಲ್ಲಿ ಸಿಗುತ್ತದೆ. ಅಡುಗೆಗೆ ನೀರು ಬೇಕಾಗುತ್ತದೆ ಎಂದು ಬೀಗದಕೈ ದೇವರ ಗೂಡಿನಲ್ಲಿ ಇಟ್ಟು ಹೋದೆ. ಬಸ್ಸು ಇಳಿದು ಬೀದಿಗೆ ತಿರುಗಿದರೆ ನಮ್ಮ ಮನೆಯ ಮುಂದೆ ನೆಲ ಒದ್ದೆ. ಟ್ಯಾಂಕರಿನ ಗಾಲಿಯ ಗುರುತು. ಸಂಪಿನ ಮುಚ್ಚಳ ತೆಗೆದಿತ್ತು. ಸೊಸೆ ಪಕ್ಕದಲ್ಲಿ ನಿಂತು ಒಳಗೆ ನೋಡುತ್ತಿದ್ದಳು, ಹಬ್ಬದ ದಿನ ಹೊಸ ಸೀರೆ ನೋಡುವ ಹಾಗೆ.

“ತುಂಬೈತೆ ಅತ್ತೆ” ಅಂದಳು.

ನಾನು ಚೀಲ ಕೆಳಗೆ ಹಾಕಿದೆ. ಹೊಂಗೆಕೋಲು ತರಲು ಹೋಗಲಿಲ್ಲ. ಅದು ಬೇಕಾಗಿರಲಿಲ್ಲ. ನೀರು ಕಣ್ಣಿಗೇ ಕಾಣುತ್ತಿತ್ತು, ಮೇಲೆ ತೆಳ್ಳಗೆ ನೊರೆ. ಕೈ ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ಬೋರ್ ನೀರು. ಎಲ್ಲಿಯ ಬೋರೋ, ಟ್ಯಾಂಕರಿನವನಿಗೇ ಗೊತ್ತು. ಉಳಿದಿದ್ದ ಮಳೆನೀರೆಲ್ಲ ಅದರೊಳಗೆ ಸೇರಿಹೋಗಿತ್ತು. ಹಾಲಿಗೆ ಸಾರು ಬೆರೆಸಿದ ಹಾಗೆ. ಇನ್ನು ಬೇರೆ ಮಾಡಲು ಯಾರಪ್ಪನಿಂದಲೂ ಆಗುವುದಿಲ್ಲ.

“ಬಾಣಂತಿ ಏನು ಕುಡೀತಾಳೆ?” ಅಂದೆ.

ಸೊಸೆಗೆ ಆಗ ಹೊಳೆಯಿತು. ನಿಜ ಹೇಳಬೇಕೆಂದರೆ ಅವಳು ದಡ್ಡಿಯಲ್ಲ. ನಾಳೆ ಬರುವವರ ಕಣ್ಣು ಅವಳ ಕಣ್ಣನ್ನು ಮುಚ್ಚಿಬಿಟ್ಟಿತ್ತು. “ನಲ್ಲಿ ನೀರು ಕಾಯ್ಸಿ ಸೋಸಿದ್ರೆ…”

“ಕಾಯ್ಸಿದ್ರೆ ಹಲ್ಲಿನ ಗೆರೆ ಹೋಗ್ತೈತಾ? ನಿನ್ನ ಮಗಳಿಗೂ ಕಾಯ್ಸೇ ಕೊಟ್ವಿ.”

ಅವಳು ಸಂಪಿನ ಕಟ್ಟೆಯ ಮೇಲೆ ಕೂತು ಅಳತೊಡಗಿದಳು. ನಾನು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಅಡುಗೆಮನೆಯಲ್ಲಿ ಎಷ್ಟು ಹಳೆಯ ನೀರು ಉಳಿದಿದೆ ನೋಡಿದೆ. ಎರಡು ಬಿಂದಿಗೆ ಮತ್ತು ಕೊಳದಪ್ಪಲೆಯೆಂಬ ದೊಡ್ಡ ಪಾತ್ರೆಯಲ್ಲಿ ಅರ್ಧ. ಅವುಗಳ ಬಾಯಿಗೆ ಬಟ್ಟೆ ಕಟ್ಟಿ ಬಾಣಂತಿಯ ಕೋಣೆಯಲ್ಲಿ ಮಂಚದ ಕೆಳಗೆ ಇಟ್ಟೆ. ಉಳಿದವರು ಟ್ಯಾಂಕರ್ ನೀರು ಕುಡಿಯಬೇಕೆಂದೆ. ಮಗ ಕೆಲಸದಿಂದ ಬಂದವನು ಒಂದು ಲೋಟ ಕುಡಿದು ಮುಖ ಸಿಂಡರಿಸಿದ, ಏನೂ ಕೇಳಲಿಲ್ಲ. ಟ್ಯಾಂಕರಿನವನಿಗೆ ಫೋನು ಮಾಡಿದ್ದು ಅವನೇ.

ಭಾನುವಾರ ವ್ಯಾನು ಬಂತು. ಬೀಗಿತಿ ಮುಂದಿನ ಸೀಟಿನಿಂದ ಇಳಿದಳು. ರೇಷ್ಮೆ ಸೀರೆ, ಕೈತುಂಬ ಬಳೆ. ನನ್ನ ಸೊಸೆಯ ವಯಸ್ಸಿನವಳು, ಗತ್ತು ಮಾತ್ರ ನನ್ನ ವಯಸ್ಸಿನದು. ಸೊಸೆ ಬಾಗಿಲಲ್ಲಿ ಹಿತ್ತಾಳೆ ಚೊಂಬಿನ ತುಂಬ ನೀರು ಕೊಟ್ಟಳು. ನಾನು ಜಗಲಿಯ ಮೇಲೆ ಕೂತು ನೋಡುತ್ತಿದ್ದೆ.

ಬೀಗಿತಿ ಒಂದು ಕಾಲು ಮುಂದಿಟ್ಟು ಚೊಂಬನ್ನು ಒಂದಿಷ್ಟೇ ಬಗ್ಗಿಸಿದಳು. ನೂಲಿನಷ್ಟು ಸಣ್ಣ ಧಾರೆ. ಅದು ಬೆರಳಿನ ಮೇಲೆ ಬಿದ್ದು, ಹಿಮ್ಮಡಿಗೆ ಜಾರುವವರೆಗೆ ತಡೆದಳು. ಆ ಕಾಲಿನಿಂದಲೇ ಈ ಕಾಲನ್ನು ತಿಕ್ಕಿ, ಇನ್ನೊಂದು ಗುಟುಕಿನಷ್ಟು ಬಿಟ್ಟು ಮುಗಿಸಿದಳು. ಚೊಂಬಿನಲ್ಲಿ ಮುಕ್ಕಾಲು ನೀರು ಉಳಿದಿತ್ತು. ಅದನ್ನು ಚೆಲ್ಲದೆ ಹಿಂದಿನವಳ ಕೈಗೆ ಕೊಟ್ಟಳು. ಅವಳೂ ಹಾಗೆಯೇ. ಇಡೀ ವ್ಯಾನಿನ ಹೆಂಗಸರು ಒಂದೆರಡು ಚೊಂಬಿನಲ್ಲಿ ಒಳಗೆ ಬಂದುಬಿಟ್ಟರು.

ಮನೆಯಲ್ಲಿ ನೀರಿರುವವಳು ಹೀಗೆ ಕಾಲು ತೊಳೆಯುವುದಿಲ್ಲ. ನೀರಿರುವವಳು ಧಡಕ್ಕನೆ ಸುರಿದುಕೊಳ್ಳುತ್ತಾಳೆ. ಇದು ಅಭ್ಯಾಸವಾದ ಕೈ.

“ಸಂಪು ತುಂಬೈತೆ, ಧಾರಾಳವಾಗಿ ತೊಳ್ಕೊಳಿ ಅಕ್ಕ!” ಎಂದು ಸೊಸೆ ಮುಚ್ಚಳ ತೆಗೆದು ತೋರಿಸಿಯೂ ಬಿಟ್ಟಳು.

ಬೀಗಿತಿ ಇಣುಕಿ ನೋಡಿದಳು. ಅವಳ ಮುಖದಲ್ಲಿ ಹೊಟ್ಟೆಕಿಚ್ಚು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಹಸಿವು. ಕೂಡಲೇ ಅದನ್ನು ನುಂಗಿ, “ನಮ್ಮ ಕಡೇನೂ ಏನ್ ತೊಂದ್ರೆ ಇಲ್ಲ ಬಿಡಿ” ಅಂದಳು.

ತೊಟ್ಟಿಲ ಶಾಸ್ತ್ರ, ಊಟ ಎಲ್ಲ ಆಯಿತು. ಮಧ್ಯಾಹ್ನ ಕೂಸು ಮೈಯೆಲ್ಲ ಹೇತುಕೊಂಡು ಇನ್ನೊಂದು ಸಲ ನೀರು ಹಾಕಬೇಕಾಯಿತು. ನಾನು ಟಬ್ಬಿನಲ್ಲಿ ಮಣೆ ಹಾಕಿ ಕಾಲು ಚಾಚಿ ಕೂತೆ. ಬೀಗಿತಿ ನೋಡುತ್ತೇನೆಂದು ಬಚ್ಚಲ ಬಾಗಿಲಿಗೆ ಬಂದು ನಿಂತಳು. ನಾವಿಬ್ಬರೇ. ಕೂಸಿನ ಕತ್ತಿನ ಸಂದಿಗೆ ಕೈಯಲ್ಲಿ ನೀರು ತೊಟ್ಟಿಕ್ಕಿಸುತ್ತಾ ನಾನು ಕೇಳಿದೆ.

“ನಿಮ್ಮ ಬೋರ್ ಯಾವಾಗ ನಿಂತೋಯ್ತಮ್ಮ?”

ಅವಳು ಬೆಚ್ಚಿದಳು. “ಯಾರು ಹೇಳಿದ್ರು?”

“ನಿನ್ನ ಕಾಲು ಹೇಳ್ತು.”

ಹಿಂದೆ ತಿರುಗಿ ಯಾರೂ ಇಲ್ಲವೆಂದು ನೋಡಿಕೊಂಡಳು. ಆಮೇಲೆ ಬಾಗಿಲಿಗೆ ಒರಗಿ, ದನಿ ಇಳಿಸಿ, ತಮ್ಮ ಕಡೆಯ ತೆಲುಗು ಬೆರೆಸಿ ಹೇಳಿದಳು. “ಲೇದಮ್ಮ, ನೀರಿಲ್ಲ. ಒಂದು ಬೊಟ್ಟೂ ಲೇದು. ಸಂಕ್ರಾಂತಿಯಿಂದ ಬರೀ ಗಾಳಿ. ಹುಡುಗೀನೂ ಮಗೂನೂ ಮೂರು ತಿಂಗಳಿಗೆ ಕರ್ಕೊಂಡು ಹೋಗ್ಬೇಕು ನಾವು. ಮಳೆ ಬರೋವರೆಗೂ ಇಲ್ಲೇ ಇಟ್ಕೊಳ್ಳಿ ಅಂತ ಕೇಳೋಕೇ ಬಂದೆ. ನಿಮ್ಮ ಸಂಪು ನೋಡಿ ಬಾಯಿ ಬರ್ಲಿಲ್ಲ. ಏಂ ಚೆಪ್ಪಾಲಿ, ಏನಂತ ಹೇಳ್ಲಿ? ನೀರಿಲ್ಲದ ಮನೆಗೆ ಹೆಣ್ಣು ಕೊಟ್ವಿ ಅಂತೀರಲ್ಲ.”

ನನಗೆ ನಗು ಬಂತು. ಕೂಸು ಕಾಲ ಮೇಲೆ ಜಾರುವಷ್ಟು ನಗು. “ಆ ಸಂಪು ನಿಮಗೆ ತೋರ್ಸೋಕೇ ಅಂತ ನಿನ್ನೆ ಟ್ಯಾಂಕರಲ್ಲಿ ತುಂಬ್ಸಿದ್ದು ಕಣಮ್ಮ. ಮಳೆನೀರು ಇತ್ತು, ಹಾಳಾಗೋಯ್ತು. ಈಗ ಬಾಣಂತಿ ಕುಡಿಯೋಕೆ ಮಂಚದ ಕೆಳಗೆ ಎರಡು ಬಿಂದಿಗೆ ಐತೆ. ಅಷ್ಟೇ.”

ಬೀಗಿತಿ ನಗಲಿಲ್ಲ. ಟಬ್ಬಿನ ನೀರನ್ನು ನೋಡುತ್ತಾ ನಿಂತಳು. ಆಮೇಲೆ ಸರ್ರನೆ ತಿರುಗಿ ಹೊರಗೆ ಹೋದಳು. ಸಿಟ್ಟು ಬಂತೇನೋ ಅಂದುಕೊಂಡೆ. ಬಂದಾಗ ಅವಳ ಸೊಂಟದ ಮೇಲೆ ಒಂದು ನೀರಿನ ಕ್ಯಾನು, ಹಿಂದೆ ಅವಳ ಮಗನ ಕೈಯಲ್ಲಿ ಇನ್ನೊಂದು. ವ್ಯಾನಿನ ಸೀಟಿನ ಕೆಳಗೆ ಜಮಖಾನ ಮುಚ್ಚಿ ಇಟ್ಟಿದ್ದಳಂತೆ.

“ದುರ್ಗದ ಬೆಟ್ಟದ ಮೇಲಿನ ದೊಣೆ ನೀರು. ಬಂಡೆ ಗುಂಡೀಲಿ ನಿಂತ ಮಳೆನೀರಮ್ಮ, ಸಿಹಿ. ಸೋಸಿ ಕಾಯ್ಸಿ ತಂದೆ. ನಮ್ಮ ಅತ್ತೆ ಕಾಲದಿಂದಾನೂ ಮನೇಲಿ ಬಾಣಂತಿ ಇದ್ರೆ ಇದೇ. ಬೀಗರ ಮನೆಗೆ ನೀರು ತಂದ್ಲು ಅಂದ್ರೆ ನಿಮ್ಮ ಮನೇಲಿ ನೀರಿಲ್ಲ ಅಂದಂಗೆ ಆಗ್ತದೆ ಅಂತ ಇಳ್ಸಲಿಲ್ಲ. ಹಂಗೇ ವಾಪಸ್ ತಗೊಂಡು ಹೋಗೋಳಿದ್ದೆ.”

ಇದನ್ನು ಕೇಳಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗು ಬಾಯಿಗೆ ತುರುಕಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನೋಡಲು ಹೋಗಲಿಲ್ಲ. ಹುಡುಗಿ ಮಗು ಎರಡೂ ಮಳೆ ಬರುವವರೆಗೆ ಇಲ್ಲೇ ಇರಲಿ ಎಂದು ನಾನೇ ಹೇಳಿದೆ. ವಾರಕ್ಕೊಮ್ಮೆ ಹೆಂಡತಿಯನ್ನು ನೋಡಲು ಬರುವ ಅವಳ ಮಗ ಬರಿಗೈಯಲ್ಲಿ ಬರಬಾರದು, ಕ್ಯಾನು ತರಬೇಕು ಎಂದೂ ಹೇಳಿದೆ. ಬೀಗಿತಿ ಹೊರಡುವಾಗ ಚೊಂಬು ತೆಗೆದುಕೊಂಡು ತಾನೇ ಕರಿಬೇವಿನ ಗಿಡದ ಬುಡಕ್ಕೆ ನಿಂತು ಕೈ ತೊಳೆದಳು.

ಅಲ್ಲಿಗೆ ಚಿಂತೆ ಮುಗಿಯಲಿಲ್ಲ. ದೊಣೆಯ ನೀರೂ ಬಿಸಿಲಿಗೆ ಇಂಗುವುದೇ. ಒಂದು ವಾರ ಎರಡು ಕ್ಯಾನು ಬಂದವು, ಆಮೇಲೆ ಒಂದು. ಆಮೇಲಿನ ವಾರ ಬಂದದ್ದು ಮುಕ್ಕಾಲು ಕ್ಯಾನು, ತಳದಲ್ಲಿ ಕೆಂಪು ಮಡ್ಡಿ. “ಅಮ್ಮ ಹೇಳಿದ್ರು, ಇನ್ನು ಗುಂಡಿ ತಳ ಬಂತಂತೆ” ಎಂದ ಮೊಮ್ಮಗಳ ಗಂಡ. ಅವನ ಮುಖ ನೋಡಿ ಕನಿಕರವೇನೂ ಬರಲಿಲ್ಲ, ಕ್ಯಾನು ಬಗ್ಗಿಸಿ ಮಡ್ಡಿ ಎಷ್ಟಿದೆ ಎಂದು ನೋಡಿದೆ. ಮೊಮ್ಮಗಳು ಲೋಟ ಎತ್ತಿದಾಗೆಲ್ಲ ಅವಳ ಗಂಟಲನ್ನು ನೋಡುವುದು ನನಗೆ ಅಭ್ಯಾಸವಾಯಿತು. ಅವಳಿಗೆ ಗೊತ್ತಾಗಿ ಅರ್ಧ ಲೋಟಕ್ಕೇ ಕೆಳಗಿಡತೊಡಗಿದಳು. ಅದನ್ನು ನೋಡಿ ಬೈದೆ. “ಕುಡಿಯೇ ಪೂರ್ತಿ! ನಾನು ನೋಡಿದ್ರೆ ನಿನಗೇನು?” ನೋಡುವುದನ್ನು ಮಾತ್ರ ಬಿಡಲು ಆಗಲಿಲ್ಲ.

ಭರಣಿ ಮಳೆಯ ದಿನಗಳು ಬಂದವು. ಒಂದು ಮಧ್ಯಾಹ್ನ ಊಟವಾದ ಮೇಲೆ ಗಾಳಿ ನಿಂತುಹೋಯಿತು. ಪಡುವಲ ಕಡೆ ಮೋಡ ಎದ್ದಿತು, ಎಮ್ಮೆ ಬೆನ್ನಿನ ಬಣ್ಣ. ಎಲ್ಲರೂ ಬೀದಿಗೆ ಬಂದು ಮೇಲೆ ನೋಡುತ್ತಿದ್ದರೆ ನಾನು ಕೆಳಗೆ ನೋಡುತ್ತಿದ್ದೆ. ಸಂಪಿನಲ್ಲಿ ಟ್ಯಾಂಕರ್ ನೀರು ಇನ್ನೂ ಅರೆಯಷ್ಟಿತ್ತು. ಅದರಲ್ಲೇ ಸ್ನಾನ, ಬಟ್ಟೆ, ಪಾತ್ರೆ ನಡೆಯುತ್ತಿದ್ದದ್ದು.

ಈಗ ಮಳೆ ಬಂದರೆ ಅದರ ಮೇಲೆ ಬಿದ್ದು ಮತ್ತೆ ಬೆರೆಯುತ್ತದೆ. ಖಾಲಿ ಮಾಡಿದರೆ, ಮಳೆ ಬರದೆ ಹೋದರೆ? ಮೋಡ ಕಟ್ಟಿ ಆಸೆ ತೋರಿಸಿ ಆಂಧ್ರದ ಕಡೆ ಹೋಗುವುದು ನಮ್ಮ ಕಡೆ ಹೊಸದಲ್ಲ. ಆಗ ಕೂಸಿಗೆ ನೀರು ಹಾಕಲೂ ಇರುವುದಿಲ್ಲ. ಸೊಸೆ ನನ್ನ ಮುಖ ನೋಡುತ್ತಿದ್ದಳು.

“ಏನ್ಮಾಡಣ ಅತ್ತೆ?”

ಗುಡುಗು ಸಣ್ಣಗೆ ಉರುಳಿತು. ನಾನು ಬೀಗ ತೆಗೆದೆ.

“ತುಂಬಿಸ್ಕೋ. ಮನೇಲಿರೋ ಪಾತ್ರೆ ಪಡಗ ಎಲ್ಲಾದಕ್ಕೂ. ಮಿಕ್ಕಿದ್ದು ಬೀದಿಯವರಿಗೆ.”

ಮೊಮ್ಮಗಳು ಕೂಸನ್ನು ತೊಟ್ಟಿಲಿಗೆ ಹಾಕಿ ಬಂದು ಬಿಂದಿಗೆ ಎತ್ತಲು ನೋಡಿದಳು, ಅವಳನ್ನು ಗದರಿಸಿ ಒಳಗೆ ಕಳಿಸಿದೆ. ಸೊಸೆ ಮೋಟರು ಹಾಕಿದಳು. ಹಂಡೆ, ಡ್ರಮ್ಮು, ಹಿಟ್ಟಿನ ಗಡಿಗೆ, ದನದ ಬಾನಿ ಎಲ್ಲ ತುಂಬಿದವು. ನಾನು ಬೀದಿಯಲ್ಲಿ ನಿಂತು ಕೂಗಿದೆ. ಮೊದಲು ಬಂದವಳು ಎದುರುಮನೆಯವಳೇ, ಎರಡು ಬಿಂದಿಗೆ ಹಿಡಿದುಕೊಂಡು.

“ಈಗ ಕರೀತೀಯ. ಅವತ್ತು ಒಂದು ಬಿಂದಿಗೆ ಕೇಳಿದ್ರೆ ಸೊಪ್ಪು ಬೇಯ್ಸ್ಕೋ ಅಂದೆ.”

“ಇದ್ರಲ್ಲೂ ಬೇಳೆ ಬೇಯಲ್ಲ. ಬೇಕಾದ್ರೆ ಹಿಡಿ, ಇಲ್ದಿದ್ರೆ ಜರುಗು.”

“ಥೂ, ಕೊಡೋವಾಗ್ಲೂ ನಿನ್ನ ಬಾಯಿ ಸಿಹಿ ಆಗಲ್ವಲ್ಲ” ಎಂದಳು. ಆದರೂ ಹಿಡಿದಳು. ಹಿಡಿದು ಇನ್ನಿಬ್ಬರನ್ನು ಕರೆತಂದಳು. ನೋಡುತ್ತಿದ್ದ ಹಾಗೆ ತಳ ಬಂತು. ಸೊಸೆ ಸೀರೆ ಎತ್ತಿ ಕಟ್ಟಿ ಏಣಿ ಇಳಿದು ತೆಂಗಿನ ನಾರಿನಲ್ಲಿ ಗೋಡೆ ತಿಕ್ಕಿದಳು. ಮೂಲೆ ಬಿಡಬೇಡ ಎಂದು ನಾನು ಮೇಲಿನಿಂದ ಹೇಳುವ ಮೊದಲೇ ಮೂಲೆ ತಿಕ್ಕುತ್ತಿದ್ದಳು. ಬಟ್ಟೆಯಲ್ಲಿ ಒರೆಸಿ ಮೇಲೆ ಬಂದಾಗ ಮೊದಲ ಹನಿ ಬಿತ್ತು. ದಪ್ಪ ಹನಿ, ಮಣ್ಣಿನಲ್ಲಿ ಗುಳಿ ಬೀಳುವಂಥದ್ದು.

ಮಾಳಿಗೆಯ ಮೊದಲ ನೀರನ್ನು ಸಂಪಿಗೆ ಬಿಡುವ ಹಾಗಿಲ್ಲ. ಇಡೀ ಬೇಸಿಗೆಯ ಧೂಳು, ಪಾರಿವಾಳದ ಹಿಕ್ಕೆ, ಬೇವಿನ ಹೂವು ಎಲ್ಲ ಅದರಲ್ಲಿ ಇರುತ್ತದೆ. ಅದಕ್ಕೇ ಪೈಪಿನ ಕೆಳಗೆ ಆ ಕಡೆ ಈ ಕಡೆ ತಿರುಗಿಸುವ ಒಂದು ಬಾಗಿದ ತುಂಡು, ಮೊಳಕೈ, ಇಟ್ಟಿದ್ದೇವೆ. ಮೊದಲು ಬೀದಿಯ ಕಡೆ, ನೀರು ತಿಳಿಯಾದ ಮೇಲೆ ಸಂಪಿನ ಕಡೆ. ಮಳೆ ಜೋರಾಯಿತು. ಪೈಪಿನಿಂದ ಕಾಫಿ ಬಣ್ಣದ ನೀರು ಬುಸುಬುಸು ಎಂದು ಬೀದಿಗೆ ಬಿತ್ತು. ಸೊಸೆ ಮೊಳಕೈ ಹಿಡಿದು ನಿಂತಿದ್ದಳು, ನಾನು ಪೈಪಿನ ಬಾಯಿಗೆ ಕೈಯೊಡ್ಡಿ ಬೊಗಸೆಯ ಬಣ್ಣ ನೋಡುತ್ತಿದ್ದೆ.

“ತಿರುಗಿಸ್ಲಾ ಅತ್ತೆ?”

“ತಡಿ.”

ಹೂವು ಬಂದವು, ಕಸ ಬಂತು. ಬೀದಿಯ ಮೋರಿ ತುಂಬಿ ಹರಿಯಿತು. ತಿಂಗಳಾನುಗಟ್ಟಲೆ ಒಂದೊಂದು ಚೊಂಬು ಎಣಿಸಿದವಳು ನಾನು, ಕಣ್ಣೆದುರಿಗೇ ಅಷ್ಟು ನೀರು ಮೋರಿಗೆ ಹೋಗುತ್ತಿತ್ತು.

“ಅತ್ತೆ, ಮೋಡ ಆ ಕಡೆ ಹೋಗ್ತಾ ಐತೆ! ನಿಂತೋಗ್ತೈತೆ!”

“ತಡಿ ಅಂದೆನಲ್ಲ!”

ನನ್ನ ದನಿಗೆ ನಾನೇ ಹೆದರಿದೆ. ಬೊಗಸೆಯಲ್ಲಿ ಇನ್ನೂ ಕೆಂಪು. ಇನ್ನೊಂದು ಬೊಗಸೆ, ತೆಳು ಕೆಂಪು. ಇನ್ನೊಂದು. ಅಂಗೈಯ ಗೆರೆ ಕಂಡಿತು.

“ಈಗ ತಿರುಗ್ಸು!”

ಸೊಸೆ ತಿರುಗಿಸಿದಳು. ಸಂಪಿನ ಒಳಗೆ ನೀರು ಬಿದ್ದ ಸದ್ದು ಕೇಳಿತು, ಖಾಲಿ ತೊಟ್ಟಿಯಲ್ಲಿ ದೊಡ್ಡದಾಗಿ. ಅದು ಧೋ ಎಂದಿತು, ಸಣ್ಣಗಾಯಿತು, ಆಮೇಲೆ ತಟ್ ತಟ್ ಎಂದಿತು. ಮಳೆ ನಿಂತಿತ್ತು. ಮೂಡಲಲ್ಲಿ ಮೋಡದ ಬೆನ್ನು ಕಾಣುತ್ತಿತ್ತು. ಬಿಸಿಲು ಬಂದು ಅಂಗಳ ಹೊಗೆಯಾಡಿತು.

ಸೊಸೆ ಹೊಂಗೆಕೋಲು ತಂದು ಅದ್ದಿದಳು. ತುದಿ ಒದ್ದೆಯಾಗಿತ್ತು, ಬೆರಳಿನ ಅಗಲ, ಅದೂ ತಳದ ಗುಳಿಯಲ್ಲಿ ಮಾತ್ರ. ಕೋಲು ಹಿಡಿದುಕೊಂಡೇ ಕೇಳಿದಳು, “ಇದ್ದ ನೀರನ್ನೂ ಹಂಚ್ಬಿಟ್ವಲ್ಲ. ತಪ್ಪಾಯ್ತಾ ಅತ್ತೆ?”

ಅವಳು ಯಾವ ತಪ್ಪಿನ ಮಾತಾಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಇವತ್ತಿನದು ಮಾತ್ರವಲ್ಲ.

“ಮಾಳಿಗೆ ತೊಳೀತಲ್ಲ” ಅಂದೆ. “ಸಂಪೂ ತೊಳ್ದಾಯ್ತು. ಮುಂದಿನ ಮಳೆ ನೇರ ಒಳಗೆ ಬೀಳ್ತೈತೆ.”

“ಬಂದ್ರೆ.”

“ಬಂದ್ರೆ” ಅಂದೆ ನಾನೂ.

ಆ ಬೆರಳಗಲ ನೀರನ್ನು ಸೊಸೆ ಮತ್ತೆ ಏಣಿ ಇಳಿದು ಬಟ್ಟೆಯಲ್ಲಿ ಸೋಸಿ ಬಿಂದಿಗೆಗೆ ತುಂಬಿದಳು. ಅರ್ಧ ಬಿಂದಿಗೆಗೆ ಬಂತು. ಕಾಯಿಸಿ ಮಂಚದ ಕೆಳಗೆ ಇಟ್ಟೆವು. ಒಂದು ಲೋಟ ಮಗಳಿಗೆ ಕುಡಿಸಲು ಅವಳೇ ತೆಗೆದುಕೊಂಡು ಹೋದಳು. ನಾನು ಹೋಗಲಿಲ್ಲ. ಹೋಗಿದ್ದರೆ ಮತ್ತೆ ಅವಳ ಗಂಟಲು ನೋಡುತ್ತಿದ್ದೆ.

ಈಗ ಕೂಸು ಮಗ್ಗುಲಾಗುತ್ತದೆ, ಬೆರಳು ಕೊಟ್ಟರೆ ವಸಡಿನಲ್ಲಿ ಕಚ್ಚುತ್ತದೆ. ಕೆಳಗಿನ ವಸಡು ಗಟ್ಟಿಯಾಗುತ್ತಿದೆ. ಮಳೆ ಮತ್ತೆ ಬಂದಿಲ್ಲ, ಪೈಪಿನ ಮೊಳಕೈ ಸಂಪಿನ ಕಡೆಗೇ ಇದೆ. ಗಾಳಿ ಎದ್ದು ಧೂಳು ಹಾರಿದಾಗೆಲ್ಲ ತೊಳೆದ ಮಾಳಿಗೆ ಮತ್ತೆ ಕೊಳೆಯಾಗುತ್ತಿದೆಯಲ್ಲ ಎಂದು ನನಗೆ ದಿಗಿಲು. ಸೊಸೆ ದಿನಾ ಬೆಳಿಗ್ಗೆ ಏಣಿ ಹತ್ತಿ ಒಣ ಪೊರಕೆಯಲ್ಲಿ ಮಾಳಿಗೆ ಗುಡಿಸುತ್ತಾಳೆ. ನಾನು ಹೇಳಿಲ್ಲ.